ಸೋರ್ಸಾ, ಸಿಮ್ಯುಲೇಷನ್ನಾ, ಪೊಟ್ಯಾಷಾ? ಗಾಮಾ ಡಿಟೆಕ್ಟರಿಗೆ ಮೂರನ್ನೂ ಹಚ್ಚಿ ನೋಡಿದ್ದು

ಡಿಟೆಕ್ಟರ್ ನಮಗೆ ಕೊಡುವುದು ಬರೀ ಎಣಿಕೆ. ಒಂದು ಡಬ್ಬಿ ತೋಟದ ಮಣ್ಣನ್ನು ಅದರ ಮೇಲಿಟ್ಟು ರಾತ್ರಿಯಿಡೀ ಬಿಟ್ಟರೆ, ಬೆಳಿಗ್ಗೆ ಪರದೆಯ ಮೇಲೆ ಇಷ್ಟು ಸಾವಿರ ಕೌಂಟ್ ಅಂತ ಬಂದಿರುತ್ತದೆ. ಆ ಮಣ್ಣಿನಲ್ಲಿ ಕೆಜಿಗೆ ಎಷ್ಟು ಬೆಕೆರಲ್ (ಸೆಕೆಂಡಿಗೆ ಒಂದು ವಿಘಟನೆ ಆದರೆ ಒಂದು ಬೆಕೆರಲ್) ಇದೆ ಅಂತ ಹೇಳಬೇಕಾದರೆ ಇನ್ನೊಂದು ಸಂಖ್ಯೆ ಬೇಕು. ಮಣ್ಣಿನಿಂದ ಹೊರಟ ಸಾವಿರ ಗಾಮಾ ಕಿರಣಗಳಲ್ಲಿ ಎಷ್ಟು ತಮ್ಮ ಪೂರ್ತಿ ಶಕ್ತಿಯನ್ನು ಡಿಟೆಕ್ಟರಿನ ಹರಳಿನೊಳಗೆ ಬಿಟ್ಟು ಪೀಕಿಗೆ, ಅಂದರೆ ಗ್ರಾಫಿನಲ್ಲಿ ಆ ಶಕ್ತಿಯ ಜಾಗದಲ್ಲಿ ಏಳುವ ಗುಡ್ಡಕ್ಕೆ, ಸೇರಿದವು? ಅದೇ ಎಫಿಷಿಯೆನ್ಸಿ. ಅದನ್ನು ಕಂಡುಕೊಳ್ಳುವ ಕೆಲಸಕ್ಕೆ ಕ್ಯಾಲಿಬ್ರೇಷನ್ ಅಂತೀವಿ.

ಈ ವಿಷಯದಲ್ಲಿ ಎರಡು ಪಂಗಡ ಇವೆ. ಸೋರ್ಸ್ (ಎಷ್ಟು ವಿಕಿರಣ ಕೊಡುತ್ತದೆ ಅಂತ ಗೊತ್ತಿರುವ ವಸ್ತು) ಇಟ್ಟು ಅಳೆದರೆ ಮಾತ್ರ ನಂಬುತ್ತೇನೆ ಅನ್ನುವವರು ಒಂದು ಕಡೆ. ಎಲ್ಲವನ್ನೂ ಕಂಪ್ಯೂಟರಿನಲ್ಲೇ ಮಾಡಬಹುದು, ಸೋರ್ಸಿನ ಗೋಜು ಯಾಕೆ ಅನ್ನುವವರು ಇನ್ನೊಂದು ಕಡೆ. ನಾನು ಶಿವಮೊಗ್ಗದಲ್ಲಿ ಫಿಸಿಕ್ಸ್ ಪಾಠ ಮಾಡುವವನು. ನಮ್ಮ ಹತ್ತಿರ ಇರುವುದು 3×3 ಇಂಚಿನ ಸೋಡಿಯಂ ಅಯೋಡೈಡ್ ಡಿಟೆಕ್ಟರ್. ಎಂ.ಎಸ್ಸಿ ಮಕ್ಕಳು ಪ್ರಾಜೆಕ್ಟಿಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ತೋಟಗಳಿಂದ ಮಣ್ಣು ತರುತ್ತಾರೆ. ನನ್ನ ಹೋಲಿಕೆ ಈ ಕೆಲಸಕ್ಕೆ ಹೊಂದುವಂಥದ್ದು. ಆಸ್ಪತ್ರೆಯ ಡೋಸ್ ಮೀಟರ್ ಕಥೆ ಬೇರೆ, ಅದಕ್ಕೆ ಇಲ್ಲಿ ಕೈ ಹಾಕುವುದಿಲ್ಲ.

ಗುಂಡಿ ಸೋರ್ಸುಗಳು

ಇದು ಎಲ್ಲರಿಗೂ ಗೊತ್ತಿರುವ ದಾರಿ. ಸೀಸಿಯಂ-137, ಕೋಬಾಲ್ಟ್-60, ಸೋಡಿಯಂ-22, ಬೇರಿಯಂ-133. ಗುಂಡಿಯಷ್ಟು ದೊಡ್ಡ ಪ್ಲಾಸ್ಟಿಕ್ ಬಿಲ್ಲೆಗಳು, ಸೀಸದ ಪೆಟ್ಟಿಗೆಯಲ್ಲಿ ಸಾಲಾಗಿ ಇರುತ್ತವೆ. ಒಂದೊಂದನ್ನೇ ತೆಗೆದು ಗೊತ್ತಾದ ದೂರದಲ್ಲಿ ಇಡುವುದು. ಪೀಕಿನ ಕೌಂಟನ್ನು ಸೋರ್ಸಿನ ಬಲ, ಸಮಯ, ಮತ್ತು ಆ ಗಾಮಾ ಎಷ್ಟು ಸಲ ಹೊರಬರುತ್ತದೆ ಅನ್ನುವ ಅಂಶದಿಂದ ಭಾಗಿಸುವುದು. ಸೀಸಿಯಂ ಆದರೆ ನೂರು ವಿಘಟನೆಗೆ ಸುಮಾರು 85 ಸಲ 662 ಕೆಇವಿ (ಕಿರಣದ ಶಕ್ತಿಯ ಅಳತೆ) ಕಿರಣ ಬರುತ್ತದೆ. ಲೆಕ್ಕ ಸುಲಭ.

ತೊಡಕು ಇರುವುದು ಬಿಲ್ಲೆಯ ಮೇಲೆ ಬರೆದ ಸಂಖ್ಯೆಯಲ್ಲಿ. ಪಾಠಕ್ಕೆಂದು ಮಾರುವ ಸಾಮಾನ್ಯ ಸೋರ್ಸುಗಳಲ್ಲಿ ಆ ಸಂಖ್ಯೆ ನೂರಕ್ಕೆ 20ರಷ್ಟು ಆಚೀಚೆ ಇರಬಹುದು. ಸರ್ಟಿಫಿಕೇಟ್ ಇರುವ ಸೋರ್ಸಾದರೆ ಇದು ಮೂರರ ಆಸುಪಾಸಿಗೆ ಇಳಿಯುತ್ತದೆ, ಬೆಲೆಯೂ ಹಾಗೇ ಏರುತ್ತದೆ. ಅಗ್ಗದ ಬಿಲ್ಲೆ ಇಟ್ಟು ಎಷ್ಟೇ ಹೊತ್ತು ಅಳೆದರೂ ಆ 20 ನಿಮ್ಮ ಉತ್ತರದಲ್ಲಿ ಕೂತೇ ಇರುತ್ತದೆ. ಜೊತೆಗೆ ವಯಸ್ಸು ಬೇರೆ. ಹತ್ತು ವರ್ಷದಲ್ಲಿ ಸೀಸಿಯಂ ಐದನೇ ಒಂದು ಭಾಗ ಕಳೆದುಕೊಂಡರೆ ಕೋಬಾಲ್ಟ್ ಮುಕ್ಕಾಲು ಭಾಗದ ಹತ್ತಿರ ಕಳೆದುಕೊಂಡಿರುತ್ತದೆ. ಸೋಡಿಯಂ-22 ಅಂತೂ ಪೆಟ್ಟಿಗೆಯಲ್ಲಿ ಸುಮ್ನೆ ಜಾಗ ಹಿಡಿದುಕೊಂಡಿರುತ್ತದೆ. ಅದರ ಅರ್ಧಾಯು ಬರೀ 2.6 ವರ್ಷ.

ಈ ದಾರಿಯಲ್ಲಿ ನನಗೆ ಇಷ್ಟವಾದದ್ದು ಒಂದಿದೆ. ನಮ್ಮ ಅಳತೆ ಸರಿ ಇದೆಯಾ ಅಂತ ನೋಡಲು ಹೊರಗಿನ ಸಾಕ್ಷಿ ಸಿಗುತ್ತದೆ. 3×3 ಇಂಚಿನ ಸೋಡಿಯಂ ಅಯೋಡೈಡ್, 25 ಸೆಂ.ಮೀ ದೂರದಲ್ಲಿ ಕೋಬಾಲ್ಟಿನ 1332 ಕೆಇವಿ ಪೀಕಿಗೆ ಹತ್ತು ಸಾವಿರಕ್ಕೆ 12 ಕೊಡಬೇಕು. ಜರ್ಮೇನಿಯಂ ಡಿಟೆಕ್ಟರುಗಳನ್ನು 'ಇಷ್ಟು ಪರ್ಸೆಂಟಿನದು' ಅಂತ ಮಾರುವುದು ಇದೇ ಸಂಖ್ಯೆಯ ಜೊತೆ ಹೋಲಿಸಿ. ನಮ್ಮ ಅಳತೆ ಇದರ ಹತ್ತಿರವೇ ಬಂತು.

ಆದರೆ ಮಣ್ಣಿನ ಡಬ್ಬಿ 25 ಸೆಂ.ಮೀ ದೂರದಲ್ಲಿ ಇರುವುದಿಲ್ಲ. ಡಿಟೆಕ್ಟರಿನ ನೆತ್ತಿಯ ಮೇಲೇ ಕೂರುತ್ತದೆ. ಅದು ಬಿಂದುವೂ ಅಲ್ಲ, ಅಂಗೈ ಅಗಲದ ಡಬ್ಬಿ. ತಳದ ಮಣ್ಣಿಗೂ ಮೇಲಿನ ಮಣ್ಣಿಗೂ ದೂರ ಬೇರೆ. ಮೇಲಿನಿಂದ ಬರುವ ಕಿರಣವನ್ನು ಕೆಳಗಿನ ಮಣ್ಣೇ ಅಷ್ಟಿಷ್ಟು ನುಂಗುತ್ತದೆ. ಹಾಗಾದರೆ ಗುಂಡಿಯನ್ನೂ ನೆತ್ತಿಯ ಮೇಲೆ ಇಡೋಣ ಅಂದರೆ, ಕೋಬಾಲ್ಟಿನ ಎರಡು ಕಿರಣ ಒಟ್ಟಿಗೇ ಹರಳಿಗೆ ಬೀಳಲು ಶುರುವಾಗುತ್ತವೆ. 1173 ಮತ್ತು 1332 ಪೀಕುಗಳಿಂದ ಕೌಂಟ್ ಕಳುವಾಗಿ ಬಲತುದಿಯಲ್ಲಿ 2505ರ ಹತ್ತಿರ ಹೊಸ ಪೀಕ್ ಏಳುತ್ತದೆ. ಇನ್ನೂ ಒಂದು ಕೊರತೆ ಇದೆ. ಮಣ್ಣಿನಲ್ಲಿ ಥೋರಿಯಂ ಅಳೆಯಲು ನಾವು ನೋಡುವುದು 2614 ಕೆಇವಿ ಪೀಕ್. ಪೆಟ್ಟಿಗೆಯ ಸೋರ್ಸುಗಳು ಕೋಬಾಲ್ಟಿನ 1332ಕ್ಕೇ ನಿಂತುಬಿಡುತ್ತವೆ. ಅಲ್ಲಿಂದ ಮುಂದೆ ಗ್ರಾಫಿನ ಗೆರೆಯನ್ನು ಅಂದಾಜಿನ ಮೇಲೆ ಎಳೆಯಬೇಕು. ಅದು ನನಗೆ ಒಪ್ಪಲಿಲ್ಲ.

ಕಂಪ್ಯೂಟರಿನೊಳಗಿನ ಡಿಟೆಕ್ಟರ್

ಮಾಂಟೆ ಕಾರ್ಲೋ ವಿಧಾನ 1940ರ ದಶಕದಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಗಣಿತಜ್ಞರಾದ ಉಲಾಮ್ ಮತ್ತು ಫಾನ್ ನಾಯ್ಮನ್ ಬೆಳೆಸಿದ್ದು. ಮೊನಾಕೋದ ಜೂಜುಕಟ್ಟೆಯ ಹೆಸರು ಅದಕ್ಕೆ ಅಂಟಿಕೊಂಡಿತು. ಒಂದೊಂದು ಗಾಮಾ ಕಿರಣವನ್ನೂ ಹೊರಡಿಸಿ, ಅದು ಎಲ್ಲಿ ಡಿಕ್ಕಿ ಹೊಡೆಯಿತು, ಎಷ್ಟು ಶಕ್ತಿ ಬಿಟ್ಟಿತು ಅಂತ ದಾಳ ಹಾಕಿ ತೀರ್ಮಾನ ಮಾಡುತ್ತಾ ಹೋಗುವುದು. ಇದನ್ನು ಮಾಡುವ ಪ್ರೋಗ್ರಾಮುಗಳಲ್ಲಿ ಲಾಸ್ ಅಲಮೋಸಿನ ಎಂಸಿಎನ್‌ಪಿಗೆ ಲೈಸೆನ್ಸ್ ಬೇಕು. ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್ ಕಡೆಯಿಂದ 1998ರಲ್ಲಿ ಹೊರಬಂದ ಜಿಯಾಂಟ್-4 ಉಚಿತ. ನಾವು ಹಿಡಿದದ್ದು ಅದನ್ನೇ. ಉಚಿತ ಅಂದರೆ ಸುಲಭ ಅಂತಲ್ಲ. ಸಿ++ ಪ್ರೋಗ್ರಾಮಿಂಗ್ ಭಾಷೆ ಬರದ ಮಕ್ಕಳಿಗೆ ಇನ್‌ಸ್ಟಾಲ್ ಮಾಡುವುದರಲ್ಲೇ ಅರ್ಧ ಉತ್ಸಾಹ ಇಳಿದುಹೋಗುತ್ತದೆ.

ಹರಳಿನ ವ್ಯಾಸ 7.62 ಸೆಂ.ಮೀ, ಎತ್ತರವೂ ಅಷ್ಟೇ, ಸಾಂದ್ರತೆ 3.67. ಸುತ್ತ ಬಿಳಿ ಪ್ರತಿಫಲಕದ ಪುಡಿ, ಅದರ ಮೇಲೆ ತೆಳು ಅಲ್ಯೂಮಿನಿಯಂ ಡಬ್ಬಿ. ಇಷ್ಟು ಬರೆದು ಸೀಸಿಯಂ ಸೋರ್ಸ್ ಇಟ್ಟು ಓಡಿಸಿದೆವು. ಬಂದ ಸ್ಪೆಕ್ಟ್ರಮ್, ಅಂದರೆ ಯಾವ ಶಕ್ತಿಗೆ ಎಷ್ಟು ಕೌಂಟ್ ಅನ್ನುವ ಗ್ರಾಫ್, ನೋಡಿ ಒಬ್ಬ ಹುಡುಗಿ ಕೇಳಿದಳು, "ಸರ್, ನಮ್ಮ ಪೀಕ್ ಗುಡ್ಡದ ಥರ ಇರುತ್ತಲ್ವಾ, ಇದು ಗೆರೆ ಥರ ಯಾಕಿದೆ?" ಸರಿಯಾದ ಪ್ರಶ್ನೆ. ಕಿರಣ ಬಿದ್ದಾಗ ಹರಳಿನಲ್ಲಿ ಮಿನುಗುವ ಬೆಳಕಿನ ಏರಿಳಿತ ಕಂಪ್ಯೂಟರಿಗೆ ಗೊತ್ತಿಲ್ಲ. ನಿಜವಾದ ಹರಳು 662ರಲ್ಲಿ ಸುಮಾರು ನೂರಕ್ಕೆ 7ರಷ್ಟು, ಅಂದರೆ 46 ಕೆಇವಿ ಅಗಲಕ್ಕೆ ಹರಡುತ್ತದೆ. ಆ ಹರಡನ್ನು ನಾವೇ ಅಳೆದು ತುಂಬಬೇಕು. ತುಂಬಿದ ಮೇಲೂ 184 ಕೆಇವಿ ಹತ್ತಿರದ ಉಬ್ಬು ಕಾಣಲಿಲ್ಲ. ಹಿಂದಿನ ಫೋಟೋಮಲ್ಟಿಪ್ಲಯರ್ (ಆ ಬೆಳಕನ್ನು ವಿದ್ಯುತ್ತಾಗಿಸುವ ಕೊಳವೆ) ಗಾಜನ್ನೂ ಸುತ್ತಲಿನ ಸೀಸದ ಇಟ್ಟಿಗೆಗಳನ್ನೂ ಸೇರಿಸಿದಾಗ ಉಬ್ಬು ಎದ್ದಿತು. ಯಾಕೆಂದರೆ ಅದು ಗೋಡೆಗೆ ಬಡಿದು ವಾಪಸ್ ಬಂದ ಕಿರಣಗಳದ್ದು. ಸೀಸದ 75ರ ಆಸುಪಾಸಿನ ಎಕ್ಸ್‌ರೇ ಕೂಡ ಆಗಲೇ ಕಾಣಿಸಿತು. ಈ ಪಾಠವನ್ನು ಬರೀ ಸೋರ್ಸ್ ಇಟ್ಟು ಹೇಳಿಕೊಡಲು ನನ್ನಿಂದ ಆಗುತ್ತಿರಲಿಲ್ಲ.

ಈಗ ಸಂಖ್ಯೆಗೆ ಬರೋಣ. ತಯಾರಕರ ನಕ್ಷೆಯನ್ನು ಹಾಗೇ ನಂಬಿ ಓಡಿಸಿದಾಗ ಸಿಮ್ಯುಲೇಷನ್ ನಮ್ಮ ಅಳತೆಗಿಂತ ಜಾಸ್ತಿ ತೋರಿಸಿತು. ದೂರದಲ್ಲಿ ಸ್ವಲ್ಪ ಜಾಸ್ತಿ, ನೆತ್ತಿಯ ಮೇಲೆ ಎದ್ದು ಕಾಣುವಷ್ಟು ಜಾಸ್ತಿ. ಈ ವ್ಯತ್ಯಾಸವೇ ಸುಳಿವು. ಹರಳಿನ ಮುಖ ಅಲ್ಯೂಮಿನಿಯಂ ಡಬ್ಬಿಯ ಮುಂಭಾಗದಿಂದ ಎಷ್ಟು ಒಳಗಿದೆ ಅನ್ನುವುದು 25 ಸೆಂ.ಮೀ ದೂರದ ಸೋರ್ಸಿಗೆ ಲೆಕ್ಕಕ್ಕೇ ಬರುವುದಿಲ್ಲ. ಅಂಟಿಸಿಟ್ಟ ಸೋರ್ಸಿಗೆ ಒಂದೆರಡು ಮಿಲಿಮೀಟರೂ ದೊಡ್ಡದು. ಹರಳನ್ನು ಅಷ್ಟು ಹಿಂದೆ ಸರಿಸಿದ ಮೇಲೆ ಎರಡೂ ದೂರಗಳಲ್ಲಿ ಸೀಸಿಯಂ ಕೂಡಿಬಂತು. ಕೋಬಾಲ್ಟಿಗೆ ಒಂದೇ ಕಿರಣದ ಬದಲು ಪೂರ್ತಿ ವಿಘಟನೆಯನ್ನೇ ಓಡಿಸಿದರೆ 2505ರ ಪೀಕ್ ಕೂಡ ತಾನಾಗಿ ಬರುತ್ತದೆ.

ಇಲ್ಲೊಂದು ಎಚ್ಚರಿಕೆ. ಪೀಕಿನಲ್ಲಿ 10,000 ಕೌಂಟ್ ಇದ್ದರೆ ನೂರಕ್ಕೆ ಒಂದರಷ್ಟು ಅನಿಶ್ಚಿತತೆ. ಅಳತೆಗೂ ಸಿಮ್ಯುಲೇಷನ್ನಿಗೂ ಇದೇ ನಿಯಮ. ಸಿಮ್ಯುಲೇಷನ್ ಕೊನೆಗೆ ತೋರಿಸುವ 'ಎರರ್' ಇದೊಂದೇ. ನಕ್ಷೆ ತಪ್ಪಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಕೋಟಿ ಕಿರಣ ಓಡಿಸಿ 0.1 ಪರ್ಸೆಂಟ್ ಅಂತ ವರದಿಯಲ್ಲಿ ಬರೆದದ್ದನ್ನು ನೋಡಿದಾಗ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಮಣ್ಣಿನ ಡಬ್ಬಿಯ ವಿಷಯದಲ್ಲಿ ಮಾತ್ರ ಸಿಮ್ಯುಲೇಷನ್ ಗೆದ್ದೇ ಗೆದ್ದಿತು. ಡಬ್ಬಿಯ ಅಳತೆ, ಮಣ್ಣು ತುಂಬಿದ ಎತ್ತರ, ಸಾಂದ್ರತೆ ಕೊಟ್ಟರೆ 1460 (ಪೊಟ್ಯಾಸಿಯಂ), 1764 (ಯುರೇನಿಯಂ ಸರಣಿ), 2614 (ಥೋರಿಯಂ ಸರಣಿ) ಮೂರಕ್ಕೂ ಉತ್ತರ ಸಿಗುತ್ತದೆ. ಈ ಮೇಲಿನ ಶಕ್ತಿಗಳಲ್ಲಿ ಮಣ್ಣಿನಲ್ಲಿ ಏನಿದೆ ಅನ್ನುವುದು ಅಷ್ಟಾಗಿ ಮುಖ್ಯವಲ್ಲ, ಸಾಂದ್ರತೆ ಸರಿ ಇದ್ದರೆ ಸಾಕು. ಕೆಳಗಿನ ಶಕ್ತಿಗೆ ಹೋದರೆ ಹಾಗಲ್ಲ. ನಮ್ಮ ಕಡೆಯ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ, 60 ಕೆಇವಿ ಹತ್ತಿರ ಅದು ಕಿರಣವನ್ನು ಚೆನ್ನಾಗಿಯೇ ನುಂಗುತ್ತದೆ. ಪಠ್ಯದ 'ಸಾಮಾನ್ಯ ಮಣ್ಣು' ಹಾಕಿದರೆ ಉತ್ತರ ಕೆಡುತ್ತದೆ. ಇದಕ್ಕೆ ಮತ್ತೆ ಅಳತೆಗೇ ಬರಬೇಕು. ಖಾಲಿ ಡಬ್ಬಿಯ ಮೇಲೊಮ್ಮೆ, ಮಣ್ಣಿನ ಡಬ್ಬಿಯ ಮೇಲೊಮ್ಮೆ ಅಮೆರಿಸಿಯಂ-241 ಸೋರ್ಸ್ ಇಟ್ಟು 59.5ರ ಪೀಕ್ ಎಷ್ಟು ಕುಗ್ಗಿತು ನೋಡುವುದು. ಐದು ನಿಮಿಷದ ಕೆಲಸ.

ಗೊಬ್ಬರದಂಗಡಿಯ ತೀರ್ಪುಗಾರ

ಸೋರ್ಸಿಗೆ ಹೊಂದುವಂತೆ ನಕ್ಷೆ ತಿದ್ದಿದ ಮೇಲೆ, ಅದೇ ಸೋರ್ಸಿಗೆ ಉತ್ತರ ಕೂಡಿಬಂತು ಅಂತ ಖುಷಿಪಟ್ಟರೆ ಏನು ಬಂತು? ತಿದ್ದುವಾಗ ಬಳಸದೇ ಇದ್ದ ಒಂದು ಸಾಕ್ಷಿ ಬೇಕಲ್ವಾ. ಅಡಿಕೆ ಬೆಳೆಯುವ ಊರಲ್ಲಿ ಅದು ಪೊಟ್ಯಾಷ್.

ಎಲ್ಲಾ ಪೊಟ್ಯಾಸಿಯಮ್ಮಿನಲ್ಲೂ 0.0117 ಪರ್ಸೆಂಟ್ ಪೊಟ್ಯಾಸಿಯಂ-40 ಇರುತ್ತದೆ. ಗ್ರಾಂ ಪೊಟ್ಯಾಸಿಯಮ್ಮಿಗೆ ಸುಮಾರು 31 ಬೆಕೆರಲ್. ಅರ್ಧಾಯು 125 ಕೋಟಿ ವರ್ಷ, ಹಾಗಾಗಿ ವಯಸ್ಸಿನ ಲೆಕ್ಕವೇ ಬೇಡ. ಲ್ಯಾಬಿನ ಪೊಟ್ಯಾಸಿಯಂ ಕ್ಲೋರೈಡ್ ಅರ್ಧ ಕೆಜಿ ತೂಗಿದರೆ ಸುಮಾರು 8,100 ಬೆಕೆರಲ್, ಅದರಿಂದ ಸೆಕೆಂಡಿಗೆ 860ರಷ್ಟು 1460 ಕೆಇವಿ ಕಿರಣ. ಬೇಕಾದದ್ದು ತಕ್ಕಡಿ ಒಂದೇ. ಮಣ್ಣಿಗೆ ಬಳಸುವ ಅದೇ ಡಬ್ಬಿ, ಅದೇ ಎತ್ತರ. ಯಾವ ಪರವಾನಗಿಯ ತಲೆಬಿಸಿಯೂ ಇಲ್ಲ. ಅಂಗಡಿಯ ಕೆಂಪು ಪೊಟ್ಯಾಷ್ ಕೂಡ ನಡೆಯುತ್ತದೆ, ಆದರೆ ಚೀಲದ ಮೇಲಿನ 60 ಪರ್ಸೆಂಟ್ ಅನ್ನುವುದು ಪೊಟ್ಯಾಸಿಯಮ್ಮನ್ನು ಆಕ್ಸೈಡ್ (K₂O) ಅಂತ ಎಣಿಸುವ ಗೊಬ್ಬರದ ಲೆಕ್ಕ. ಮಕ್ಕಳಿಗೆ ತೋರಿಸಲು ಅದು, ಕ್ಯಾಲಿಬ್ರೇಷನ್ನಿಗೆ ಲ್ಯಾಬಿನದು ಅಂತ ನಾನು ಇಟ್ಟುಕೊಂಡಿದ್ದೇನೆ.

ಇದನ್ನು ಕೇಳಿ ತೋಟದವರು ಗಾಬರಿ ಆಗಬೇಕಿಲ್ಲ. ಅಡಿಕೆ ಮರಕ್ಕೆ ವರ್ಷಕ್ಕೆ ಹೇಳುವ 140 ಗ್ರಾಂ (ಇದೂ K₂O ಲೆಕ್ಕ) ಪೊಟ್ಯಾಷ್ ಪ್ರಮಾಣದಲ್ಲಿ 3,600 ಬೆಕೆರಲ್ ಇರುತ್ತದೆ. ಗೊಬ್ಬರ ಹಾಕುವವರ ಮೈಯಲ್ಲೇ ಅದಕ್ಕಿಂತ ಕಮ್ಮಿಯೇನೂ ಇರುವುದಿಲ್ಲ.

ಬ್ಯಾಕ್‌ಗ್ರೌಂಡ್ (ಸುತ್ತಮುತ್ತಲಿನಿಂದ ತಾನಾಗಿ ಬರುವ ಕೌಂಟ್) ಕಳೆಯಲು ಖಾಲಿ ಡಬ್ಬಿ ಇಡಬೇಡಿ, ಅಡುಗೆ ಉಪ್ಪು ತುಂಬಿ ಇಡಿ. ಗೋಡೆಯ ಪೊಟ್ಯಾಸಿಯಮ್ಮಿನಿಂದ ಬರುವ 1460 ಕಿರಣವನ್ನು ಡಬ್ಬಿಯ ಪುಡಿಯೂ ಸ್ವಲ್ಪ ತಡೆಯುತ್ತದೆ, ಖಾಲಿ ಡಬ್ಬಿ ತಡೆಯುವುದಿಲ್ಲ. ಬಿಪಿ ಇರುವವರಿಗೆಂದು ಮಾರುವ ಕಡಿಮೆ ಸೋಡಿಯಂ ಉಪ್ಪು ಮಾತ್ರ ಬೇಡ, ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡೇ ಇರುತ್ತದೆ.

ತಿದ್ದದ ನಕ್ಷೆ ಪೊಟ್ಯಾಷಿನ ಮುಂದೆ ಸೋತಿತು. ತಿದ್ದಿದ ನಕ್ಷೆ ಅಳತೆಯ ಅನಿಶ್ಚಿತತೆಯೊಳಗೇ ಬಂದು ಕೂತಿತು. ನಾನು ಸಿಮ್ಯುಲೇಷನ್ನನ್ನು ನಂಬಿದ್ದು ಅವತ್ತಿನಿಂದ.

ಪೊಟ್ಯಾಷಿನ ಮಿತಿ ಅಂದರೆ ಅದು ಹೇಳುವುದು ಒಂದೇ ಶಕ್ತಿಯ ಬಗ್ಗೆ. ಯುರೇನಿಯಂ, ಥೋರಿಯಂ ಸರಣಿಗೆ ಬೇಕಾದರೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ (ಐಎಇಎ) ಕೊಡುವ ಆರ್‌ಜಿಯು-1, ಆರ್‌ಜಿಟಿಎಚ್-1 ಪುಡಿಗಳಿವೆ. ಕೈಗೆ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ. ಸಿಗದವರು ಯಕ್ಷಗಾನದ ರಾತ್ರಿಗಳಲ್ಲಿ ಉರಿಯುತ್ತಿದ್ದ ಹಳೇ ಗ್ಯಾಸ್‌ಲೈಟಿನ ಮ್ಯಾಂಟಲ್ ಹುಡುಕಬಹುದು. ಹಳೆಯವುಗಳಲ್ಲಿ ಥೋರಿಯಂ ಇರುತ್ತಿತ್ತು. ಎಷ್ಟು ಅಂತ ಗೊತ್ತಿಲ್ಲದ್ದರಿಂದ ಎಫಿಷಿಯೆನ್ಸಿಗೆ ಬರುವುದಿಲ್ಲ. 2614 ಪೀಕ್ ಯಾವ ಚಾನೆಲಿನಲ್ಲಿ ಬೀಳುತ್ತದೆ ಅಂತ ಗುರುತು ಮಾಡಲು ಸಾಕು. ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆಯದೆ ಇಡಿ, ಅದರ ಪುಡಿ ಉಸಿರಿಗೆ ಹೋಗಬಾರದು.

ಮಳೆಗಾಲ

ಮಲೆನಾಡಿನಲ್ಲಿ ಇದನ್ನು ಬೇರೆಯಾಗಿಯೇ ಹೇಳಬೇಕು. ಬಿಸಿಲು ಕಾದು ಮೊದಲ ಜೋರು ಮಳೆ ಬಿದ್ದಾಗ, ಗಾಳಿಯಲ್ಲಿದ್ದ ರೇಡಾನ್ ಅನಿಲದ ವಿಘಟನೆಯಿಂದ ಹುಟ್ಟುವ ಮಕ್ಕಳನ್ನು, ಅಂದರೆ ಸೀಸ-214 ಮತ್ತು ಬಿಸ್ಮತ್-214 ಅನ್ನು, ನೀರು ನೆಲಕ್ಕೆ ತರುತ್ತದೆ. 609 ಮತ್ತು 1764ರ ಬ್ಯಾಕ್‌ಗ್ರೌಂಡ್ ಏರುತ್ತದೆ. ಅವುಗಳ ಅರ್ಧಾಯು 27 ಮತ್ತು 20 ನಿಮಿಷ, ಹಾಗಾಗಿ ಮಳೆ ನಿಂತು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಅಳೆದ ಮಣ್ಣಿಗೆ ಹಿಂದಿನ ದಿನದ ಬ್ಯಾಕ್‌ಗ್ರೌಂಡ್ ಕಳೆದರೆ ಆಯಿತು, ಆ ತೋಟದಲ್ಲಿ ಇಲ್ಲದ ಯುರೇನಿಯಂ ಸಿಕ್ಕಿಬಿಡುತ್ತದೆ. ಕೋಣೆಯ ಬಿಸಿ ಬದಲಾದರೆ ಪೀಕ್ ಜಾರುವುದು, ಥಂಡಿಗೆ ಹೈ ವೋಲ್ಟೇಜ್ ಕನೆಕ್ಟರ್ ಸೋರುವುದು ಇದ್ದದ್ದೇ.

ಸಿಮ್ಯುಲೇಷನ್ನಿಗೆ ಮಳೆಯೂ ಇಲ್ಲ, ಥಂಡಿಯೂ ಇಲ್ಲ. ಕರೆಂಟ್ ಹೋಗುವುದು ಮಾತ್ರ ಇದೆ. ಉದ್ದದ ಓಟವನ್ನು ತುಂಡು ಮಾಡಿ ಓಡಿಸಿ, ಪ್ರತಿ ತುಂಡಿಗೂ ಬೇರೆ ರ‍್ಯಾಂಡಮ್ ಸೀಡ್ ಕೊಡಿ. ಸೀಡ್ ಅಂದರೆ ಆ ದಾಳದಾಟ ಶುರುವಾಗುವ ಸಂಖ್ಯೆ, ಒಂದೇ ಸೀಡ್ ಕೊಟ್ಟರೆ ಅದೇ ಉತ್ತರ ಮತ್ತೆ ಮತ್ತೆ ಬರುತ್ತದೆ.

ಯಾರಿಗೆ ಯಾವುದು

ಪಾಠಕ್ಕೆ ಮಾತ್ರ ಡಿಟೆಕ್ಟರ್ ಇದ್ದರೆ ಗುಂಡಿ ಸೋರ್ಸು ಸಾಕು. ಮಣ್ಣಿನಲ್ಲಿ ಪೊಟ್ಯಾಸಿಯಂ ಒಂದೇ ಬೇಕಿದ್ದರೆ ಕ್ಲೋರೈಡ್ ಡಬ್ಬಿಯ ಜೊತೆ ಹೋಲಿಸಿ ಮುಗಿಸಿ, ಜಿಯಾಂಟ್ ಕಡೆ ತಲೆ ಹಾಕಬೇಡಿ. ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಮೂರೂ ಬೇಕು, ಡಬ್ಬಿಯ ಗಾತ್ರವೂ ಬದಲಾಗುತ್ತಿರುತ್ತದೆ ಅಂದರೆ ಸಿಮ್ಯುಲೇಷನ್ ಬಿಟ್ಟು ಗತಿ ಇಲ್ಲ. ಆಗಲೂ ಸರ್ಟಿಫಿಕೇಟ್ ಇರುವ ಒಂದೇ ಒಂದು ಸೀಸಿಯಂ ಮತ್ತು ಪೊಟ್ಯಾಷ್ ಜೊತೆಗಿರಲಿ. ದುಡ್ಡಿದ್ದರೆ ಮೊದಲು ಸೀಸಿಯಮ್ಮಿಗೆ ಹಾಕಿ, ಹೊಸ ಕಂಪ್ಯೂಟರಿಗಲ್ಲ.

ಜರ್ಮೇನಿಯಂ ಡಿಟೆಕ್ಟರ್ ಇರುವವರಿಗೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅದನ್ನು ತಣ್ಣಗಿಡಲು ಸಾಮಾನ್ಯವಾಗಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಬೇಕು. ಹಸುಗಳ ಸೆಮೆನ್ ಕಡ್ಡಿ ಇಡುವ ಕ್ಯಾನಿನಲ್ಲಿ ಇರುವುದೂ ಇದೇ. ಪಿ-ಟೈಪ್ ಅನ್ನುವ ಬಗೆಯ ಜರ್ಮೇನಿಯಂ ಹರಳಿನ ಹೊರಗೆ ಅರ್ಧದಿಂದ ಒಂದು ಮಿಲಿಮೀಟರ್ ದಪ್ಪದ ಸತ್ತ ಪದರ ಇರುತ್ತದೆ. ಅಲ್ಲಿ ಬಿದ್ದ ಕಿರಣ ಲೆಕ್ಕಕ್ಕೆ ಸಿಗುವುದಿಲ್ಲ. ತಣ್ಣಗೆ ಇಡದೆ ಬಹಳ ಕಾಲ ಬಿಟ್ಟರೆ ಆ ಪದರ ಬೆಳೆಯುತ್ತದೆ, ಹಳೇ ಸಿಮ್ಯುಲೇಷನ್ ಹಳಸುತ್ತದೆ. ಹಾಗಾಗಿ ಆಗಾಗ ಅಮೆರಿಸಿಯಂ ಮತ್ತು ಕೋಬಾಲ್ಟ್ ಎರಡನ್ನೂ ಇಟ್ಟು ನೋಡಬೇಕು. ವಯಸ್ಸಿನ ಲೆಕ್ಕ ಕಳೆದ ಮೇಲೂ 59.5ರ ಪೀಕ್ ಕುಗ್ಗಿದ್ದು 1332ರದು ಹಾಗೇ ಇದ್ದರೆ ಪದರ ದಪ್ಪವಾಗಿದೆ. ಫೈಲಿನಲ್ಲಿ ಆ ಒಂದು ಸಾಲು ತಿದ್ದಿ ಮತ್ತೆ ಓಡಿಸಿ.