ಬೈರಾಸಿನ ಬಣ್ಣ ನಿಲ್ಲಿಸುವ ಬಾಟಲಿ: ಒಳ್ಳೆಯದೇ, ಆದರೆ ಉಪ್ಪು ಹಾಕಬೇಡಿ

ಈ ಮಳೆಗಾಲದಲ್ಲಿ ನಮ್ಮ ಯಜಮಾನರ ಬಿಳಿ ಪಂಚೆ ಗುಲಾಬಿಯಾಯಿತು. ಹೊಸ ಕೆಂಪು ಬೈರಾಸಿನ (ಹತ್ತಿಯ ಟವೆಲಿನ) ಜೊತೆ ಅದನ್ನು ಮೆಷಿನ್‌ಗೆ ಹಾಕಿದ್ದು ನಾನೇ. ಅವರು ಅದನ್ನೇ ಉಟ್ಟು ಅಡಿಕೆ ಕೊಡಲು ಬದಿಯಡ್ಕ ಪೇಟೆಗೆ ಹೋಗಿ ಬಂದರು. ಮರುದಿನ ನಾನೂ ಪೇಟೆಗೆ ಹೋಗಿ ಬಟ್ಟೆಯ ಬಣ್ಣ ನಿಲ್ಲಿಸುವ ದ್ರಾವಣದ ಬಾಟಲಿ ತಂದೆ. 180 ರೂಪಾಯಿ.

ಲೇಬಲ್‌ನಲ್ಲಿ ಕನ್ನಡ ಇಲ್ಲ. ಕೇರಳದ ಕಾಸರಗೋಡಿನಲ್ಲಿರುವ ನಮಗೆ ಅದು ಅಭ್ಯಾಸವಾಗಿದೆ ಬಿಡಿ. ಇಂಗ್ಲಿಷಿನಲ್ಲಿ ಇದ್ದದ್ದೂ ಎರಡೇ ಸಾಲು: ಅರ್ಧ ಬಕೆಟ್ ನೀರಿಗೆ ಒಂದು ಮುಚ್ಚಳ, 20 ನಿಮಿಷ ನೆನೆಸಿ. ಒಳಗಿರುವುದು "ಕ್ಯಾಟಯಾನಿಕ್ ಪಾಲಿಮರ್".

ಅತ್ತೆ ಪಕ್ಕದಲ್ಲೇ ನಿಂತಿದ್ದರು. "ಉಪ್ಪು ಹಾಕದೆ ಬಣ್ಣ ನಿಲ್ತದಾ?" ಎಂದು ದೊಡ್ಡ ಎರಡು ಮುಷ್ಟಿ ಕಲ್ಲುಪ್ಪು ಬಕೆಟ್‌ಗೆ ಸುರಿದರು. ನಾನೂ ಸುಮ್ನೆ ಇದ್ದೆ. ಬೈರಾಸು ಒಣಗಿದ ಮೇಲೆ ಒದ್ದೆ ಮಾಡಿ ಬಿಳಿ ಕರವಸ್ತ್ರದಿಂದ ಉಜ್ಜಿದರೆ ಕರವಸ್ತ್ರ ಕೆಂಪು!

ಇಪ್ಪತ್ತೆಂಟು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವಳು ನಾನು, ಆಗ ತಲೆಗೆ ಹೊಳೆಯಿತು. ಹತ್ತಿ ಎಂದರೆ ಸೆಲ್ಯುಲೋಸ್. ನೀರಿಗೆ ಬಿದ್ದಾಗ ಅದರ ಎಳೆಗೆ ಸ್ವಲ್ಪ ಋಣ ವಿದ್ಯುದಂಶ ಇರುತ್ತದೆ. ಬಾಟಲಿಯ ಪಾಲಿಮರ್ ಉದ್ದ ಸರಪಳಿ, ಅದರ ತುಂಬಾ ಧನ ವಿದ್ಯುದಂಶ. ಎರಡೂ ಒಂದನ್ನೊಂದು ಎಳೆದುಕೊಳ್ಳುತ್ತವೆ. ಬೈರಾಸಿಗೆ ಹಾಕುವಂಥ ಬಣ್ಣವೂ ಸಾಮಾನ್ಯವಾಗಿ ಋಣವೇ. ಹಾಗಾಗಿ ಸರಪಳಿ ಬಣ್ಣವನ್ನೂ ಹಿಡಿದು ನೀರಿನಲ್ಲಿ ಕರಗದ ಹಾಗೆ ಮಾಡುತ್ತದೆ. ಉಪ್ಪು ಜಾಸ್ತಿಯಾದರೆ ಅದರ ಅಯಾನುಗಳು (ವಿದ್ಯುದಂಶ ಇರುವ ಕಣಗಳು) ನಡುವೆ ತುಂಬಿಕೊಂಡು ಈ ಸೆಳೆತವನ್ನೇ ಮಂಕು ಮಾಡುತ್ತವೆ.

ಚಿಟಿಕೆ ಉಪ್ಪಿಗೆ ಹೀಗಾಗುವುದಿಲ್ಲ. ಆಗ ಸರಪಳಿ ಸ್ವಲ್ಪ ಮುದುಡಿಕೊಂಡು, ಎಳೆಯ ಮೇಲೆ ಇನ್ನೂ ಹೆಚ್ಚು ಕೂರುವುದೂ ಉಂಟು. ಅತ್ತೆಯ ಮುಷ್ಟಿ ಚಿಟಿಕೆಯಲ್ಲ, ಅಷ್ಟೇ. ಅವರು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ಬಣ್ಣ ಹಾಕುವ ಹಂಡೆಯಲ್ಲಿ ಉಪ್ಪು ಬೇಕೇ ಬೇಕು. ಅಲ್ಲಿ ಬಣ್ಣವೂ ಋಣ, ಹತ್ತಿಯೂ ಋಣ. ಒಂದನ್ನೊಂದು ದೂಡುವುದನ್ನು ಉಪ್ಪು ತಡೆಯುತ್ತದೆ, ಬಣ್ಣ ಒಳಗೆ ಹೋಗುತ್ತದೆ. ನಮ್ಮ ಬಕೆಟ್‌ನಲ್ಲಿ ಆಗಬೇಕಾದ ಕೆಲಸ ಬೇರೆ.

ಎರಡನೇ ಬೈರಾಸಿಗೆ ಉಪ್ಪಿಲ್ಲ. ಅದನ್ನು ಮೊದಲೇ ನಾಲ್ಕು ಸಲ ಬಾವಿ ನೀರಿನಲ್ಲಿ ಜಾಲಿಸಿದೆ. ಸೋಪಿನ ಪುಡಿಯಲ್ಲಿರುವುದು ಹೆಚ್ಚಾಗಿ ಋಣ ಅಂಶ. ಅದು ಉಳಿದರೆ ಪಾಲಿಮರ್ ಬಟ್ಟೆಯನ್ನು ಬಿಟ್ಟು ಸೋಪನ್ನೇ ಹಿಡಿದು ನೀರನ್ನು ಬೆಳ್ಳಗೆ ಕದಡುತ್ತದೆ. ಇದನ್ನು ಲೇಬಲ್‌ನಲ್ಲಿ ಬರೆಯಲು ಎಷ್ಟು ಶಾಯಿ ಬೇಕಿತ್ತು?

ಮುಚ್ಚಳದ ಅಳತೆ ಸರಿ, ಆದರೆ 20 ನಿಮಿಷ ಸಾಲದು. ಹತ್ತಿಯ ಎಳೆ ಗಟ್ಟಿ ಸರಿಗೆಯಲ್ಲ, ಒದ್ದೆಯಾದಾಗ ಉಬ್ಬುವ, ಗೋಡೆ ತುಂಬಾ ಕಣ್ಣಿಗೆ ಕಾಣದ ತೂತುಗಳಿರುವ ಕೊಳವೆ. ಮೇಲ್ಮೈಗೆ ಸರಪಳಿ ಬೇಗ ಅಂಟುತ್ತದೆ, ತೂತಿನೊಳಗೆ ನುಸುಳಲು ಹೊತ್ತು ಬೇಕು. ಗಿಡ್ಡ ಸರಪಳಿ ಒಳಗೆ ಹೋಗುತ್ತದೆ, ತುಂಬಾ ಉದ್ದದ್ದು ಹೊರಗೇ ಉಳಿಯುತ್ತದೆ. ನಾನು 40 ನಿಮಿಷ ಬಿಟ್ಟೆ, ನಡುನಡುವೆ ಕೋಲಿನಿಂದ ಮಗುಚಿದೆ. ಈ ಸಲ ಕರವಸ್ತ್ರಕ್ಕೆ ಬರೀ ತೆಳು ಗುಲಾಬಿ. ಐದು ಒಗೆತದ ಮೇಲೂ ಹಾಗೇ ಇದೆ.

ಬೈರಾಸು ಸ್ವಲ್ಪ ದೊರಗಾಗಿದೆ, ಕೆಂಪು ಒಂದು ಚೂರು ಮಂಕು. ಇಂಥ ದ್ರಾವಣ ಹಾಕಿದ ಬಟ್ಟೆಯ ಬಣ್ಣ ಬಿಸಿಲಿಗೆ ಬೇಗ ಮಾಸುವುದೂ ಉಂಟು. ಹಾಗಾಗಿ ಅಂಗಳದಲ್ಲಿ ಒಣಗಿಸದೆ ಜಗಲಿಯಲ್ಲೇ ಹರವುತ್ತೇನೆ. ಪಾಲಿಯೆಸ್ಟರ್ ಬಟ್ಟೆಗೆ ಇದನ್ನು ತರಬೇಡಿ, ಅದರ ಬಣ್ಣದ ಜಾತಿಯೇ ಬೇರೆ.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ದೊರಗಿಗೆ, ಒಂದು ಪೂರ್ತಿ ಲೇಬಲ್‌ಗೆ. ನನ್ನ ಕಾಸರಗೋಡು ಸೀರೆಯ ಮೇಲೆ ಮಾತ್ರ ಪ್ರಯೋಗ ಮಾಡಿಲ್ಲ, ಅದು ಇಷ್ಟು ವರ್ಷದಲ್ಲಿ ಬಣ್ಣ ಬಿಟ್ಟದ್ದೇ ಇಲ್ಲ. ಪಂಚೆ ಇನ್ನೂ ಗುಲಾಬಿಯೇ. ಯಜಮಾನರು ಈಗ ಅದನ್ನು ತೋಟಕ್ಕೆ ಉಡುತ್ತಾರೆ.