ಅರವತ್ತರ ನಂತರವೂ ಕೆಲಸ ಮಾಡುವವರಿಗೆ ಏರಿಳಿಯುವ ಮೇಜು: ಕೊಳ್ಳಬೇಕೇ?

ಕೂತೂ ನಿಂತೂ ಕೆಲಸ ಮಾಡಲು ಮೋಟಾರಿನಿಂದ ಏರಿಳಿಯುವ ಮೇಜನ್ನು ತೂಕ ಇಳಿಸುವ ಸಾಧನದ ಹಾಗೆ ಮಾರುತ್ತಾರೆ. ಆ ಮಾತು ನಂಬಿ ಕೊಳ್ಳಬೇಡಿ. ಕೂತಿರುವುದಕ್ಕಿಂತ ನಿಂತಿದ್ದರೆ ಹೆಚ್ಚಿಗೆ ಖರ್ಚಾಗುವುದು ನಿಮಿಷಕ್ಕೆ ಸುಮಾರು 0.15 ಕಿಲೋಕ್ಯಾಲೊರಿ, ಅಂದರೆ ಗಂಟೆಗೆ ಒಂಬತ್ತು. ಅರವತ್ತು ದಾಟಿಯೂ ದುಡಿಯುವವರಿಗೆ ಇದರ ಲಾಭ ಬೇರೆಯೇ: ದಿನಕ್ಕೆ ಹತ್ತಾರು ಸಲ ಕುರ್ಚಿಯಿಂದ ಏಳುವಂತಾಗುತ್ತದೆ. ವಯಸ್ಸಾದಂತೆ ತೊಡೆಯ ಸ್ನಾಯು ಸೊರಗುತ್ತದೆ, ಗಂಟೆಗಟ್ಟಲೆ ಕೂತರೆ ಇನ್ನೂ ಬೇಗ. ಕೈಗಳನ್ನು ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂತು ನೋಡಿ. 15 ಸೆಕೆಂಡು ಮೀರಿದರೆ ಕಾಲಿನ ಬಲ ಕುಂದಿದೆ ಎಂದೇ ಲೆಕ್ಕ. ಅಂಥವರಿಗೆ ಮೇಜೊಂದೇ ಸಾಲದು, ವ್ಯಾಯಾಮವೂ ಬೇಕು.

ಎಷ್ಟು ಮೇಲೇರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಕೇಳಬೇಕಾದ್ದು ಎಷ್ಟು ಕೆಳಗಿಳಿಯುತ್ತದೆ ಎಂದು. ಎರಡು ಹಂತದ ಕಾಲಿನ (ಒಂದರೊಳಗೊಂದು ಜಾರುವ ಎರಡು ಕೊಳವೆಗಳ) ಮೇಜು ಸಾಮಾನ್ಯವಾಗಿ 70 ಸೆಂ.ಮೀ. ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಮೂರು ಹಂತದ್ದು 60–62ರವರೆಗೆ ಇಳಿಯುತ್ತದೆ. 150 ಸೆಂ.ಮೀ. ಎತ್ತರದವರು ಪಾದ ನೆಲಕ್ಕೂರಿ ಕೂತಾಗ ಅವರ ಮೊಣಕೈ ಇರುವುದೂ ಹೆಚ್ಚುಕಮ್ಮಿ ಅಲ್ಲೇ. ಮೇಜು ಅದಕ್ಕಿಂತ 8–10 ಸೆಂ.ಮೀ. ಮೇಲಿದ್ದರೆ ದಿನವಿಡೀ ಭುಜ ಎತ್ತಿಕೊಂಡೇ ಕೆಲಸ ಮಾಡಬೇಕು. ಮೊದಲೇ ಬಿಗಿಯಾದ ಭುಜಕ್ಕೆ ಇದು ತಡೆಯುವ ಮಾತಲ್ಲ. ಕುರ್ಚಿ ಏರಿಸಿ ಪಾದದಡಿ ಮಣೆ ಇಡಬಹುದು ನಿಜ, ಆದರೆ ಏಳುವಾಗ ಎಡವುವುದು ಅದಕ್ಕೇ.

ಇನ್ನು ಅಲುಗಾಟ. ವಯಸ್ಸಾದವರು ಏಳುವಾಗ ಮೇಜಿನ ಅಂಚಿಗೆ ಕೈಯೂರುತ್ತಾರೆ, ಬೇಡವೆಂದರೂ ಊರುತ್ತಾರೆ. ಅಂಗಡಿಯಲ್ಲೇ ಮೇಜನ್ನು ನಿಂತ ಮೊಣಕೈ ಮಟ್ಟಕ್ಕೆ ಏರಿಸಿ, ಮುಂದಿನ ಅಂಚನ್ನು ಅಂಗೈಯಿಂದ ಒತ್ತಿ, ಹಿಂದೆ ಮುಂದೆ ತಳ್ಳಿ ನೋಡಿ. ಮೇಲಿಟ್ಟ ಪರದೆ ತೂಗಾಡಿದರೆ ಆ ಮೇಜು ಬಿಡಿ. ಮನೆಗೆ ತಂದು ಒಂದೆರಡು ತಿಂಗಳಾದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಲೇಬೇಕು.

ಹಿಡಿಕೆ ತಿರುಗಿಸಿ ಏರಿಸುವ ಮೇಜು ಅಗ್ಗ, ಆದರೆ ಬೆರಳಿನ ಕೀಲುನೋವಿದ್ದವರಿಗೆ ಬೇಡವೇ ಬೇಡ. ತಿರುಗಿಸುವ ಬೇಸರಕ್ಕೆ ಏರಿಸುವುದೇ ನಿಂತುಹೋಗುತ್ತದೆ. ಹಳೇ ಮೇಜಿನ ಮೇಲಿಡುವ ಎತ್ತುವ ಸ್ಟ್ಯಾಂಡ್ ಕೂಡ ಬೇಡ. ಕೂತಾಗ ಕೀಬೋರ್ಡು ಮೇಲಾಗಿ ಮಣಿಕಟ್ಟು ಬಾಗುತ್ತದೆ.

ಬಳಸುವಾಗ ಅರ್ಧ ಗಂಟೆಗೆ 5–10 ನಿಮಿಷ ನಿಂತರೆ ಸಾಕು. ಹಟಕ್ಕೆ ಬಿದ್ದು ಗಂಟೆಗಟ್ಟಲೆ ನಿಂತರೆ ಪಾದ ಊದುತ್ತದೆ, ಸೊಂಟ ಹಿಡಿಯುತ್ತದೆ, ಕಾಲಿನ ರಕ್ತನಾಳ ಉಬ್ಬಿದ್ದವರಿಗೆ ಕಷ್ಟ ಹೆಚ್ಚು. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಎದ್ದ ಕೂಡಲೇ ಗುಂಡಿ ಒತ್ತಬಾರದು. ತಟ್ಟನೆ ಎದ್ದಾಗ ರಕ್ತದೊತ್ತಡ ಕುಸಿದು ತಲೆ ತಿರುಗಬಹುದು. ಕುರ್ಚಿಯ ತುದಿಗೆ ಸರಿದು, ಪಾದ ನಾಲ್ಕಾರು ಸಲ ಮೇಲೆ ಕೆಳಗೆ ಆಡಿಸಿ, ಎದ್ದು ಒಂದು ನಿಮಿಷ ನಿಂತ ಮೇಲೆ ಮೇಜು ಏರಿಸಲಿ. ಕಾಲಡಿಗೆ ಮ್ಯಾಟು ಬೇಕಿದ್ದರೆ ಸುಮಾರು 2 ಸೆಂ.ಮೀ. ದಪ್ಪದ, ಅಂಚು ಇಳಿಜಾರಾಗಿರುವುದು ಸರಿ. ತೀರಾ ಮೆತ್ತಗಿದ್ದರೆ ಸಮತೋಲ ಕೆಡುತ್ತದೆ.

ಕೆಡುವುದೂ ಉಂಟು. ಬಹಳಷ್ಟು ಮೋಟಾರುಗಳು 2 ನಿಮಿಷ ಸತತ ಓಡಿದರೆ 18 ನಿಮಿಷ ಬಿಡುವು ಬೇಡುವಂಥವು. ಮೊಮ್ಮಕ್ಕಳು ಆಟಕ್ಕೆ ಒತ್ತುತ್ತಿದ್ದರೆ ಬಿಸಿಯಾಗಿ ನಿಲ್ಲುತ್ತದೆ. ಗುಂಡಿಗೆ ಲಾಕ್ ಇರುವುದನ್ನೇ ಆರಿಸಿ. ಮೇಜು ಓರೆಯಾದರೆ ಅಥವಾ ಫಲಕದಲ್ಲಿ ದೋಷದ ಅಂಕಿ ಬಂದರೆ, ಪೂರ್ತಿ ಕೆಳಗಿಳಿಸಿ, ಇಳಿಸುವ ಗುಂಡಿಯನ್ನು ಮತ್ತೆ ಹತ್ತು ಸೆಕೆಂಡು ಒತ್ತಿ ಹಿಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ವೈರುಗಳಿಗೆ 60 ಸೆಂ.ಮೀ. ಸಡಿಲ ಬಿಡದಿದ್ದರೆ ಮೇಜು ಏರುವಾಗ ಪ್ಲಗ್ಗು ಕಿತ್ತು ಬರುತ್ತದೆ.

ಮೇಜು ಚೆನ್ನಾಗಿದ್ದೂ ಕತ್ತು ನೋಯುತ್ತಿದ್ದರೆ ತಪ್ಪು ಕನ್ನಡಕದ್ದಿರಬಹುದು. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿರುವ ಪ್ರೋಗ್ರೆಸಿವ್ ಕನ್ನಡಕದಲ್ಲಿ ಹತ್ತಿರದ ದೃಷ್ಟಿ ಇರುವುದು ಕೆಳಗಡೆ, ಹಾಗಾಗಿ ಪರದೆ ಓದಲು ಗದ್ದ ಎತ್ತುತ್ತಾರೆ. ಪರದೆಯ ಮೇಲಂಚನ್ನು ಕಣ್ಣಿಗಿಂತ ಸಾಕಷ್ಟು ಕೆಳಗಿಳಿಸಿ, ಇಲ್ಲವೇ 60–70 ಸೆಂ.ಮೀ. ದೂರಕ್ಕೆಂದೇ ಬೇರೊಂದು ಕನ್ನಡಕ ಮಾಡಿಸಿ. ಕುರ್ಚಿಯ ಚಕ್ರವನ್ನೂ ನೋಡಿಕೊಳ್ಳಿ: ನುಣುಪು ನೆಲದಲ್ಲಿ ಗಟ್ಟಿ ಪ್ಲಾಸ್ಟಿಕ್ ಚಕ್ರ ಏಳುವಾಗಲೇ ಹಿಂದಕ್ಕೆ ಜಾರುತ್ತದೆ. ರಬ್ಬರಿನದ್ದು ಹಾಕಿಸಿ.