ಒರ್ಸಿನೊನನ್ನು ಅರ್ಧದಲ್ಲೇ ಬಿಟ್ಟ ಗೈಡು

ಪರೀಕ್ಷೆ ಹತ್ತಿರವಾದಂತೆ ಮಂಗಳೂರಿನ ಹಂಪನಕಟ್ಟೆಯ ಪುಸ್ತಕದಂಗಡಿಗಳಲ್ಲಿ ರಾಶಿ ಬೀಳುವ ಗೈಡುಗಳ ಪೈಕಿ, ಶೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ನಾಟಕಕ್ಕೆ ಕನ್ನಡ ವಿವರಣೆ ಸಹಿತ ಬಂದಿರುವ ಈ ಪುಸ್ತಕ ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ. ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಕಠಿಣ ಪದಗಳ ಅರ್ಥ, ಅಚ್ಚು ಸ್ವಚ್ಛ. 1602ರ ಫೆಬ್ರವರಿ 2ರಂದು ಲಂಡನ್ನಿನ ಮಿಡ್ಲ್ ಟೆಂಪಲ್ ಎಂಬ ವಕೀಲರ ಸಂಸ್ಥೆಯಲ್ಲಿ ನಡೆದ ಪ್ರದರ್ಶನ, ಅವನ ನಾಟಕಗಳ ಸಂಗ್ರಹವಾದ 1623ರ ಫೋಲಿಯೊದಲ್ಲಿ ಮೊದಲ ಮುದ್ರಣ ಮುಂತಾದ ವಿವರಗಳೂ ಸರಿಯಾಗಿವೆ.

ನನ್ನ ತಕರಾರು ಇಲಿರಿಯದ ದೊರೆ ಒರ್ಸಿನೊನ ಪಾತ್ರವಿಮರ್ಶೆಯ ಬಗ್ಗೆ. ತನಗೊಲಿಯದ ಸಿರಿವಂತೆ ಒಲಿವಿಯಾಳ ವಿರಹದಲ್ಲಿ ಬೆಂದ ನಿಷ್ಠಾವಂತ ಪ್ರೇಮಿ ಎಂದು ಬರೆದು ಲೇಖಕರು ಕೈತೊಳೆದುಕೊಂಡಿದ್ದಾರೆ. ಆದರೆ ಪ್ರೇಮಕ್ಕೆ ಸಂಗೀತವೇ ಆಹಾರವಾದರೆ ನುಡಿಸುತ್ತಲೇ ಇರಿ ಎಂದು ಅಪ್ಪಣೆ ಕೊಟ್ಟವನು, ಕೆಲವೇ ಸಾಲುಗಳಲ್ಲಿ ಸಾಕು, ಮೊದಲಿನ ಸವಿ ಈಗಿಲ್ಲ ಎನ್ನುತ್ತಾನೆ. ಕೊನೆಯ ಅಂಕದವರೆಗೂ ರಂಗದ ಮೇಲೆ ಒಲಿವಿಯಾಳ ಎದುರಿಗೇ ಬಾರದೆ, ದೂತರ ಮೂಲಕವೇ ಒಲವನ್ನು ನಿವೇದಿಸುತ್ತಾನೆ. ಮೂರು ಮತ್ತು ನಾಲ್ಕನೇ ಅಂಕಗಳಲ್ಲಿ ಅವನ ಸುಳಿವೇ ಇಲ್ಲ. ನನ್ನ ಮಟ್ಟಿಗೆ ಅವನು ಒಲಿವಿಯಾಳಿಗಿಂತ ಹೆಚ್ಚಾಗಿ ತನ್ನ ವಿರಹವನ್ನೇ ಪ್ರೀತಿಸುವವನು.

ಎರಡನೇ ಅಂಕದ ನಾಲ್ಕನೇ ದೃಶ್ಯವೊಂದೇ ಇದಕ್ಕೆ ಸಾಕು. ಗಂಡಸರ ಒಲವು ಹೆಂಗಸರದ್ದಕ್ಕಿಂತ ಚಂಚಲವೆಂದು ಒಪ್ಪಿಕೊಂಡವನು, ಸ್ವಲ್ಪ ಹೊತ್ತಿಗೇ, ತನ್ನಷ್ಟು ಪ್ರೇಮವನ್ನು ಹೊರುವ ಶಕ್ತಿ ಯಾವ ಹೆಣ್ಣಿನ ಹೃದಯಕ್ಕೂ ಇಲ್ಲವೆಂದು ಸಾಧಿಸುತ್ತಾನೆ. ಎದುರಿಗಿರುವವಳು ಸೆಸಾರಿಯೊ ಎಂಬ ಗಂಡುವೇಷದಲ್ಲಿರುವ ವಯೋಲಾ. ತನ್ನ ತಂದೆಯ ಮಗಳೊಬ್ಬಳ ಕಥೆಯ ಮರೆಯಲ್ಲಿ ಅವಳು ತನ್ನ ಮೂಕಪ್ರೇಮವನ್ನೇ ತೋಡಿಕೊಂಡರೂ ದೊರೆಗೆ ಅದು ಹೊಳೆಯುವುದಿಲ್ಲ. ನಿನ್ನ ಮನಸ್ಸೇ ಬಣ್ಣ ಬದಲಿಸುವ ಓಪಲ್ ಕಲ್ಲು ಎಂದು ವಿದೂಷಕ ಫೆಸ್ಟೆ ಚುಚ್ಚುವುದೂ ಇಲ್ಲಿಯೇ. ಪಾತ್ರವಿಮರ್ಶೆಯಲ್ಲಿ ಆ ಮಾತಿನ ಪ್ರಸ್ತಾಪವೇ ಇಲ್ಲ.

ಆ ಕಾಲದಲ್ಲಿ ವಯೋಲಾಳ ಪಾತ್ರವನ್ನು ಹುಡುಗನೇ ಮಾಡುತ್ತಿದ್ದ. ಯಕ್ಷಗಾನದ ಸ್ತ್ರೀವೇಷ ಕಂಡು ಬೆಳೆದ ಕರಾವಳಿಯ ವಿದ್ಯಾರ್ಥಿಗಳಿಗೆ ಈ ವೇಷದೊಳಗಿನ ವೇಷವನ್ನು ತಿಳಿಸಿಕೊಡುವುದು ಎಷ್ಟು ಸುಲಭವಿತ್ತು! ಕನ್ನಡದಲ್ಲೇ ವಿವರಿಸಲು ಹೊರಟವರು ಅಷ್ಟು ಮಾಡಬಹುದಿತ್ತು.

ಐದನೇ ಅಂಕಕ್ಕೆ ಸುಖಾಂತವೆಂಬ ಒಂದೇ ಮಾತಿನ ಷರಾ ಬರೆದಿರುವುದು ಇನ್ನೂ ದೊಡ್ಡ ಕೊರತೆ. ಒಲಿವಿಯಾ ಮನಸೋತ ಸೆಸಾರಿಯೊನನ್ನು ಕೊಲ್ಲುತ್ತೇನೆಂದು ಗುಡುಗಿದ ದೊರೆ, ಅವಳು ಹೆಣ್ಣೆಂದು ತಿಳಿದ ಕೂಡಲೇ ಕೈಹಿಡಿಯಲು ಸಿದ್ಧನಾಗುತ್ತಾನೆ. ಅವಳ ಹೆಣ್ಣುಡುಗೆಯಾದರೋ ಅವಳನ್ನು ದಡ ಸೇರಿಸಿದ, ಈಗ ಸೆರೆಯಲ್ಲಿರುವ ನಾವಿಕನ ಬಳಿಯೇ ಉಳಿದು, ನಾಟಕ ಮುಗಿಯುವಾಗಲೂ ಅವಳು ಗಂಡುವೇಷದಲ್ಲೇ ಇರುತ್ತಾಳೆ. ಪಾಸಾಗಲು ಈ ಗೈಡು ಸಾಕು. ಒರ್ಸಿನೊನ ಬಗ್ಗೆ ಹತ್ತು ಅಂಕದ ಪ್ರಶ್ನೆಗೆ ಉತ್ತರಿಸುವವರು ಮಾತ್ರ ಬಲಪುಟವನ್ನು ಬಿಟ್ಟು ಎಡಪುಟವನ್ನೇ ಓದಿಕೊಳ್ಳಬೇಕು.